ಓದುಗರ ಪ್ರಶ್ನೋತ್ತರ: ಕಡಲಂಚಿನ ಮನೆಯಲ್ಲಿ ವಾಸ

ಕಡಲಿಗೆ ಮುಖ ಮಾಡಿದ ಚಿಕ್ಕ ಮನೆಗಳಲ್ಲಿ ವಾಸವಾಗಿರುವವರು, ಅಂಥದೊಂದು ಮನೆ ಮಾಡಿಕೊಳ್ಳಬೇಕೆಂದಿರುವವರು, ಹಿರಿಯರಿಂದ ಬಂದ ಅಂಥ ಮನೆಯನ್ನು ಏನು ಮಾಡುವುದೆಂದು ತೋಚದೆ ಇರುವವರು ಬರೆದ ಪತ್ರಗಳು ಈಚೆಗೆ ಒಂದರ ಹಿಂದೊಂದು ಬಂದಿವೆ. ಅವುಗಳಲ್ಲಿ ಕೆಲವನ್ನು ಆಯ್ದು ಈ ಸಂಚಿಕೆಯಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ. ಬರೆದವರ ಹೆಸರು, ಊರುಗಳನ್ನು ಬಿಟ್ಟು ಪತ್ರಗಳನ್ನು ಅಗತ್ಯವಿದ್ದಷ್ಟು ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ನಿವೃತ್ತನಾದ ಮೇಲೆ ಕಡಲ ದಂಡೆಯ ಎರಡು ಕೋಣೆಯ ಮನೆಯಲ್ಲಿ ಒಬ್ಬನೇ ಇದ್ದೇನೆ. ಮೊದಮೊದಲು ತುಂಬ ಸಂತೋಷವಾಗಿತ್ತು. ಈಗ ಜಗಲಿಯಲ್ಲಿ ಕುಳಿತು ನೀರನ್ನು ನೋಡತೊಡಗಿದರೆ ಅರ್ಧ ಗಂಟೆಯೊಳಗೆ ಬೇಸರ ಬರುತ್ತದೆ, ಕೈ ತಾನಾಗಿ ಫೋನಿನತ್ತ ಹೋಗುತ್ತದೆ. ಇಷ್ಟು ವರ್ಷ ಹಂಬಲಿಸಿದ ಶಾಂತಿ ಕಣ್ಣೆದುರಿಗೇ ಇದ್ದರೂ ನನಗೆ ದಕ್ಕುತ್ತಿಲ್ಲ. ದೋಷ ನನ್ನಲ್ಲಿದೆಯೇ?

ಉತ್ತರ: ನಿಮ್ಮಲ್ಲಿ ದೋಷವೇನೂ ನನಗೆ ಕಾಣುವುದಿಲ್ಲ. ನಾಲ್ಕು ದಿನದ ರಜೆಗೆ ಬಂದವರಿಗೆ ಕಡಲು ಬರಿಯ ನೋಟವಾಗಿದ್ದರೂ ಸಾಕು. ಅಲ್ಲೇ ಉಳಿದುಕೊಂಡವರಿಗೆ ಆ ನೋಟ ಬೇಗ ಹಳತಾಗುತ್ತದೆ. ನೀರನ್ನು ನೋಡುತ್ತ ಕುಳಿತರೆ ಮನಸ್ಸು ತಾನಾಗಿ ತಿಳಿಯಾಗುತ್ತದೆಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕೆಲಸವಿಲ್ಲದ ಮನಸ್ಸು ಎಲ್ಲಿ ಕುಳಿತರೂ ಹಳೆಯ ಲೆಕ್ಕಗಳನ್ನೇ ತೆಗೆದು ನೋಡುತ್ತಿರುತ್ತದೆ. ನೌಕರಿಯಲ್ಲಿದ್ದಾಗ ಕಚೇರಿಯ ವೇಳಾಪಟ್ಟಿ ನಿಮ್ಮನ್ನು ನಡೆಸುತ್ತಿತ್ತು. ಅದು ಹೋದ ಮೇಲೆ ದಿನಕ್ಕೆ ಆಕಾರವಿಲ್ಲದಂತಾಗಿದೆ. ಕಡಲ ದಂಡೆಯಲ್ಲಿ ಇರುವವರಿಗೆ ಒಂದು ಅನುಕೂಲವುಂಟು: ಅಲ್ಲಿ ಇನ್ನೊಂದು ವೇಳಾಪಟ್ಟಿ ಸಿದ್ಧವಾಗಿದೆ, ಅದನ್ನು ಯಾರೂ ಬದಲಿಸಲಾರರು.

ಬಹುಪಾಲು ದಂಡೆಗಳಲ್ಲಿ ನೀರು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಭೂಮಿ ತನ್ನ ಸುತ್ತ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನೂ ಅದೇ ದಿಕ್ಕಿನಲ್ಲಿ ಸ್ವಲ್ಪ ಮುಂದಕ್ಕೆ ಸರಿದಿರುವುದರಿಂದ, ನಿಮ್ಮ ಜಗಲಿ ಮತ್ತೆ ಚಂದ್ರನ ಎದುರಿಗೆ ಬರಲು 24 ಗಂಟೆಯ ಮೇಲೆ ಸುಮಾರು 50 ನಿಮಿಷ ಬೇಕಾಗುತ್ತದೆ. ಆದ್ದರಿಂದ ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷದ ಅಂತರವಿರುತ್ತದೆ. ನಿನ್ನೆ ಸಂಜೆ 5ಕ್ಕೆ ನೀವು ಅಡ್ಡಾಡಿದ ಗಟ್ಟಿ ಮರಳು ಇಂದು ಅದೇ ಹೊತ್ತಿಗೆ ಇನ್ನೂ ಒದ್ದೆಯಾಗಿ ಕಾಲು ಹೂಳುವಂತಿದ್ದರೆ, ಮುಂದಿನ ವಾರ ನೀರಿನಡಿ ಮುಳುಗಿರುತ್ತದೆ. ಗಡಿಯಾರ ನೋಡಿ ವಾಯುವಿಹಾರಕ್ಕೆ ಹೊರಡುವ ಅಭ್ಯಾಸವನ್ನು ಬಿಟ್ಟು ನೀರು ಇಳಿಯುವ ಹೊತ್ತಿಗೆ ಹೊರಡಿರಿ. ಕೆಲವು ದಿನ ನಸುಕಿನಲ್ಲಿ, ಕೆಲವು ದಿನ ನಡುಮಧ್ಯಾಹ್ನದಲ್ಲಿ ಹೋಗಬೇಕಾಗುತ್ತದೆ. ಅದೇ ದಂಡೆಯನ್ನು ಬೇರೆ ಬೇರೆ ಬೆಳಕಿನಲ್ಲಿ ಕಾಣುವುದು ಹೀಗೆ ನಡೆದಾಗಲೇ.

ಇದಕ್ಕಿಂತಲೂ ಸ್ವಾರಸ್ಯದ ಸಂಗತಿಯೊಂದಿದೆ. ಸೂರ್ಯ, ಚಂದ್ರ, ಭೂಮಿ ಮೂರೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ನಿಲ್ಲುವ ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಉಬ್ಬರ ಅತಿ ಎತ್ತರಕ್ಕೂ ಇಳಿತ ಅತಿ ಕೆಳಕ್ಕೂ ಹೋಗುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೆ ಹಲವು ಕಡೆ ಆ ಪರಮಾವಧಿ ಅದೇ ದಿನ ಬರದೆ ಒಂದೆರಡು ದಿನ ತಡವಾಗಿ ಬರುತ್ತದೆ. ಅಲ್ಲದೆ ಒಂದು ನಿರ್ದಿಷ್ಟ ಸ್ಥಳದಲ್ಲಿ ಅಮಾವಾಸ್ಯೆ ಮತ್ತು ಹುಣ್ಣಿಮೆಯ ಉಬ್ಬರ ವರ್ಷವಿಡೀ ಗಡಿಯಾರದ ಹೆಚ್ಚುಕಡಿಮೆ ಅದೇ ಗಂಟೆಗೆ ತುಂಬುತ್ತದೆ. ಹಿಂದಿನ ನಾವಿಕರು ಪ್ರತಿ ಬಂದರಿನ ಹೆಸರಿನ ಮುಂದೆ ಈ ಒಂದು ಗಂಟೆಯನ್ನು ಬರೆದಿಟ್ಟುಕೊಂಡು, ಚಂದ್ರನ ತಿಥಿಯನ್ನು ಎಣಿಸಿ ಉಳಿದ ದಿನಗಳ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದರು. ನಿಮ್ಮ ಮನೆಯ ಮುಂದಿನ ದಂಡೆಗೂ ಅಂಥದೊಂದು ಗಂಟೆ ಇದೆ, ಅದು ಯಾವುದೆಂದು ನೀವೇ ಕಂಡುಹಿಡಿಯಬಹುದು. ದಿನಕ್ಕೆ ಒಂದೇ ಉಬ್ಬರವಿರುವ, ಅಥವಾ ಮೆಡಿಟರೇನಿಯನ್ನಿನಂತೆ ಉಬ್ಬರವೇ ಅಲ್ಪವಾಗಿರುವ ದಂಡೆಗಳೂ ಇವೆಯಾದ್ದರಿಂದ, ಪುಸ್ತಕದ ಲೆಕ್ಕಕ್ಕಿಂತ ನಿಮ್ಮ ಕಣ್ಣಿನ ಲೆಕ್ಕವನ್ನೇ ಮೊದಲು ನಂಬಿರಿ.

ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ಅಲುಗಾಡದ ಬಂಡೆಯೊಂದನ್ನು ಗುರುತಿಸಿ, ನೀರು ಅದರ ಯಾವ ಬಿರುಕಿನವರೆಗೆ ಎಷ್ಟು ಗಂಟೆಗೆ ಬಂತೆಂದು ಬರೆಯುತ್ತ ಹೋಗಿ. ಎರಡು ಹುಣ್ಣಿಮೆ ಕಳೆಯುವಷ್ಟರಲ್ಲಿ ನಾಳಿನ ಉಬ್ಬರವನ್ನು ನೀವು ಮುಂಚಿತವಾಗಿ ಹೇಳಬಲ್ಲಿರಿ. ಆಮೇಲೆ ಅಚ್ಚಾದ ಉಬ್ಬರವಿಳಿತದ ಪಟ್ಟಿಯನ್ನು ತರಿಸಿ ಹೋಲಿಸಿ ನೋಡಿ. ವ್ಯತ್ಯಾಸ ಕಂಡಲ್ಲಿ ಗಾಳಿ ಮತ್ತು ವಾಯುಭಾರದ ಕೈವಾಡವಿರುತ್ತದೆ. 1872-73ರ ಸುಮಾರಿಗೆ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಜ್ಞಾನಿ, ಈ ಪಟ್ಟಿಯನ್ನು ಸಿದ್ಧಪಡಿಸಲೆಂದೇ ಒಂದು ಯಂತ್ರವನ್ನು ಮಾಡಿಸಿದ. ಸೂರ್ಯಚಂದ್ರರ ಒಂದೊಂದು ಲಯಕ್ಕೆ ಒಂದೊಂದು ರಾಟೆ. ಎಲ್ಲ ರಾಟೆಗಳ ಮೇಲೆ ಹಾದುಹೋಗುವ ಒಂದೇ ದಾರ ಅವುಗಳ ಏರಿಳಿತವನ್ನು ಕೂಡಿಸುತ್ತಿತ್ತು, ದಾರದ ತುದಿಯ ಲೇಖನಿ ಮುಂಬರುವ ದಿನಗಳ ನೀರಿನ ಮಟ್ಟವನ್ನು ಕಾಗದದ ಮೇಲೆ ಎಳೆಯುತ್ತಿತ್ತು. ನಿಮ್ಮ ಬಂಡೆಯ ಬಿರುಕಿಗೂ ಆ ರಾಟೆಗಳಿಗೂ ಸಂಬಂಧವಿದೆ ಎಂದು ತಿಳಿದ ಮೇಲೆ ಜಗಲಿಯ ಅರ್ಧ ಗಂಟೆ ಅಷ್ಟು ಉದ್ದವೆನಿಸದು. ಫೋನನ್ನು ಬೇಕಾದರೆ ಗಂಟೆ ನೋಡಲು ಇಟ್ಟುಕೊಳ್ಳಿ.

ಪ್ರಶ್ನೆ: ಅಲೆಗಳ ಸದ್ದಿಗೆ ಸೊಗಸಾಗಿ ನಿದ್ದೆ ಬರುತ್ತದೆಂದು ಎಲ್ಲರೂ ಹೇಳುತ್ತಾರೆ. ನನ್ನ ಯಜಮಾನರು ಮಲಗಿದೊಡನೆ ಗೊರಕೆ ಹೊಡೆಯುತ್ತಾರೆ. ನಾನು ಮಾತ್ರ ಒಂದು ಅಲೆ ಒಡೆದ ಮೇಲೆ ಮುಂದಿನದಕ್ಕಾಗಿ ಕಿವಿಗೊಟ್ಟು ಕಾಯುತ್ತ ಬೆಳಗು ಮಾಡುತ್ತೇನೆ. ಕೆಲವು ರಾತ್ರಿ ಸದ್ದು ಸಹಿಸಬಹುದು, ಕೆಲವು ರಾತ್ರಿ ಗಾಳಿಯೇ ಇಲ್ಲದಿದ್ದರೂ ಗೋಡೆ ನಡುಗಿದಂತಾಗುತ್ತದೆ. ಇದೇಕೆ ಹೀಗೆ?

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರದ ತುದಿ ಸಿಕ್ಕಿದೆ. ಎಡೆಬಿಡದೆ ಒಂದೇ ಸಮನಾಗಿ ಬರುವ ಮೊರೆತ ನಿದ್ದೆಗೆ ಅನುಕೂಲ. ಬಿಡುವು ಕೊಟ್ಟು ಬಡಿಯುವ ಸದ್ದು ಪ್ರತಿಕೂಲ. ಕಡಲು ಈ ಎರಡನ್ನೂ ಮಾಡುತ್ತದೆ. ಹತ್ತಿರದ ಗಾಳಿ ಎಬ್ಬಿಸಿದ ಅಲೆಗಳು ಐದಾರು ಸೆಕೆಂಡಿಗೆ ಒಂದರಂತೆ ಗಜಿಬಿಜಿಯಾಗಿ ಬರುವುದರಿಂದ ಅವುಗಳ ಸದ್ದು ಒಂದರೊಳಗೊಂದು ಬೆರೆತು ಮೊರೆತವಾಗುತ್ತದೆ. ದೂರದ ಬಿರುಗಾಳಿಯಲ್ಲಿ ಹುಟ್ಟಿದ ಅಲೆಗಳು ದಾರಿಯುದ್ದಕ್ಕೂ ಬೇರ್ಪಟ್ಟು, ಉದ್ದನೆಯವು ಮುಂದಾಗಿ, ಹದಿನಾಲ್ಕು ಹದಿನಾರು ಸೆಕೆಂಡಿಗೆ ಒಂದರಂತೆ ಬಂದು ಒಡೆಯುತ್ತವೆ. ಒಂದಕ್ಕೂ ಇನ್ನೊಂದಕ್ಕೂ ನಡುವಿನ ನಿಶ್ಶಬ್ದವೇ ನಿಮ್ಮನ್ನು ಎಚ್ಚರವಾಗಿಡುತ್ತಿರುವುದು. ಇಲ್ಲಿ ಎಲೆಯೂ ಅಲುಗದ ರಾತ್ರಿಯಲ್ಲಿ ಗೋಡೆ ನಡುಗಿದಂತಾಗುವುದು ಇದೇ ಕಾರಣಕ್ಕೆ. ಗಾಳಿ ಬೀಸಿದ್ದು ಎಲ್ಲೋ, ಯಾವಾಗಲೋ.

ಎಷ್ಟು ದೂರ ಎಂಬುದಕ್ಕೆ ಒಂದು ದೃಷ್ಟಾಂತ ಕೊಡುತ್ತೇನೆ. 1963ರಲ್ಲಿ ಕಡಲ ವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಅವರ ಸಂಗಡಿಗರು ನ್ಯೂಜಿಲೆಂಡಿನಿಂದ ಅಲಾಸ್ಕದವರೆಗೆ ಪೆಸಿಫಿಕ್ ಸಾಗರದ ಉದ್ದಕ್ಕೂ ಮಾಪಕಗಳನ್ನಿಟ್ಟು, ದಕ್ಷಿಣದ ಹಿಮಖಂಡದ ಸುತ್ತಿನ ಕಡಲಲ್ಲಿ ಎದ್ದ ಅಲೆಗಳನ್ನು ಉತ್ತರದ ತುದಿಯವರೆಗೆ ಹಿಂಬಾಲಿಸಿದರು. ಹತ್ತು ಸಾವಿರ ಕಿಲೋಮೀಟರಿಗೂ ಹೆಚ್ಚಿನ ಆ ಹಾದಿಯಲ್ಲಿ ಅಲೆಗಳು ಕಳೆದುಕೊಂಡ ಶಕ್ತಿ ಅಚ್ಚರಿಯೆನಿಸುವಷ್ಟು ಕಡಿಮೆಯಾಗಿತ್ತು. ನೀವು ರಾತ್ರಿ ಎಚ್ಚರವಾಗಿರುವುದೇ ನಿಜವಾದರೆ ಗಡಿಯಾರದ ಸೆಕೆಂಡು ಮುಳ್ಳನ್ನು ನೋಡಿ ಹತ್ತು ಅಲೆಗಳ ಅವಧಿಯನ್ನು ಅಳೆಯಿರಿ. ಮೊದಲ ರಾತ್ರಿ ಅಂತರ ಹೆಚ್ಚಾಗಿದ್ದು ಮುಂದಿನ ಎರಡು ಮೂರು ರಾತ್ರಿಗಳಲ್ಲಿ ಕ್ರಮವಾಗಿ ಕಡಿಮೆಯಾಗುತ್ತ ಬಂದರೆ, ಬಹು ದೂರದ ಒಂದೇ ಬಿರುಗಾಳಿಯ ಅಲೆಗಳು ಸಾಲಾಗಿ ಬಂದು ಮುಗಿಯುತ್ತಿವೆ ಎಂದು ಅರ್ಥ. ಅಲೆ ತನ್ನ ಎತ್ತರಕ್ಕಿಂತ ಸುಮಾರು ಕಾಲುಪಾಲು ಹೆಚ್ಚು ಆಳವಿರುವಲ್ಲಿ ಮುರಿದುಬೀಳುವುದರಿಂದ, ದೊಡ್ಡ ಅಲೆಗಳು ದಂಡೆಯಿಂದ ದೂರದಲ್ಲೂ ಸಣ್ಣವು ಹತ್ತಿರದಲ್ಲೂ ಒಡೆಯುತ್ತವೆ. ಉಬ್ಬರದ ಹೊತ್ತಿನಲ್ಲಿ ಎಲ್ಲವೂ ನಿಮ್ಮ ಕಿಟಕಿಗೆ ಹತ್ತಿರವಾಗುತ್ತವೆ.

ಸದ್ದು ಹುಟ್ಟುವುದಾದರೂ ನೀರು ನೀರಿಗೆ ಬಡಿದಷ್ಟರಿಂದಲೇ ಅಲ್ಲ. ಒಡೆದ ಅಲೆ ಗಾಳಿಯನ್ನು ತನ್ನೊಳಗೆ ಸೆರೆಹಿಡಿದಾಗ ಅಸಂಖ್ಯ ಗುಳ್ಳೆಗಳಾಗುತ್ತವೆ, ಪ್ರತಿ ಗುಳ್ಳೆಯೂ ತನ್ನ ಗಾತ್ರಕ್ಕೆ ತಕ್ಕ ಸ್ವರದಲ್ಲಿ ಕ್ಷಣಕಾಲ ಕಂಪಿಸುತ್ತದೆ. ಗುಳ್ಳೆ ಚಿಕ್ಕದಾದಷ್ಟು ಸ್ವರ ಏರುತ್ತದೆ ಎಂಬ ಲೆಕ್ಕವನ್ನು ಬೆಲ್ಜಿಯಂ ಮೂಲದ ವಿಜ್ಞಾನಿ ಮಾರ್ಸೆಲ್ ಮಿನ್ನಾರ್ಟ್ 1933ರಲ್ಲಿ ಕೊಟ್ಟರು: ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಮೂರು ಸಾವಿರಕ್ಕೂ ಹೆಚ್ಚು ಬಾರಿ, ಒಂದು ಸೆಂಟಿಮೀಟರಿನದು ಮುನ್ನೂರಕ್ಕೂ ಹೆಚ್ಚು ಬಾರಿ ಕಂಪಿಸುತ್ತದೆ. ಕಿವಿಗೊಟ್ಟು ಕೇಳುವ ಅಭ್ಯಾಸ ನಿಮಗೆ ಹೇಗೂ ಆಗಿಹೋಗಿದೆ. ಅಲೆ ಬಿದ್ದ ಪೆಟ್ಟಿನ ಹಿಂದೆಯೇ ನೊರೆ ಮರಳಿನ ಮೇಲೆ ಹರಡುವ ಸಣ್ಣ ಸಿಳ್ಳುಸದ್ದು ಬರುತ್ತದೆ, ಅದನ್ನು ಹಿಡಿದುಕೊಂಡು ಅದು ಮುಗಿಯುವ ತನಕ ಹೋಗಿ. ನಡುವಿನ ನಿಶ್ಶಬ್ದ ನೀವು ಎಣಿಸಿದ್ದಕ್ಕಿಂತ ಚಿಕ್ಕದೆಂದು ತಿಳಿಯುತ್ತದೆ. ಇಷ್ಟೆಲ್ಲ ಆದರೂ ನಿದ್ದೆ ಬಾರದಿದ್ದರೆ ಮಂಚವನ್ನು ಹಿಂದಿನ ಕೋಣೆಗೆ ಹಾಕಿಸಿ. ಅದರಲ್ಲಿ ಅವಮಾನವೇನೂ ಇಲ್ಲ. ಗೊರಕೆಯಿಂದಲೂ ಬಿಡುಗಡೆ ಸಿಗುತ್ತದೆ.

ಪ್ರಶ್ನೆ: ಒಗೆದ ಬಟ್ಟೆ ಬಿಸಿಲಿನಲ್ಲಿ ಒಣಗಿ ಗರಿಗರಿಯಾಗಿ ಒಳಗೆ ಬಂದದ್ದು ಸಂಜೆಯೊಳಗೆ ಮತ್ತೆ ತೇವವಾಗುತ್ತದೆ. ಬಿಜಾಗರಿ, ಚಿಲಕ, ಸ್ವಿಚ್ಚು ಯಾವುದೂ ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಮನೆ ಕಟ್ಟಿದವರು ಕಳಪೆ ಸಾಮಾನು ಹಾಕಿದ್ದಾರೆಯೇ?

ಉತ್ತರ: ಸಾಮಾನಿನ ವಿಚಾರ ನನಗೆ ತಿಳಿಯದು, ಉಪ್ಪಿನ ವಿಚಾರ ಹೇಳಬಲ್ಲೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಒಡೆಯುವ ಅಲೆಯ ತುಂತುರಿನೊಡನೆ ಅವು ಗಾಳಿಗೆ ಏರಿ ಕಣ್ಣಿಗೆ ಕಾಣದಂತೆ ಎಲ್ಲದರ ಮೇಲೂ ಕೂರುತ್ತವೆ. ಅಡಿಗೆಯ ಉಪ್ಪು ಗಾಳಿಯ ತೇವಾಂಶ ಶೇ 75ನ್ನು ದಾಟಿದೊಡನೆ ನೀರನ್ನು ಎಳೆದುಕೊಂಡು ಕರಗತೊಡಗುತ್ತದೆ. ಕಡಲುಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಅದರ ಅರ್ಧದಷ್ಟು ತೇವವೂ ಸಾಕು. ಆದ್ದರಿಂದ ನಿಮ್ಮ ಬಟ್ಟೆ ತೇವವಾಗುವುದು ಕಡಲ ಕಡೆಯ ಹಗ್ಗದ ಮೇಲೆ ಅದು ಹೊತ್ತು ತಂದ ಉಪ್ಪಿನಿಂದ. ಮನೆಯ ಮರೆಯಲ್ಲಿ, ನೆಲದ ಕಡೆಗೆ ಹಗ್ಗ ಕಟ್ಟಿ ನೋಡಿ.

ಕಬ್ಬಿಣದ ಮೇಲೆ ಈ ತೇವದ ಪೊರೆ ದಿನವಿಡೀ ಆರುವುದೇ ಇಲ್ಲ, ತುಕ್ಕಿಗೆ ಅದೇ ಬೇಕು. ಮಳೆ ತಾಗದ ಮೂಲೆಗಳಲ್ಲಿ ತುಕ್ಕು ಹೆಚ್ಚು. ಮಳೆ ತೊಳೆಯುವ ಕಡೆ ಕಡಿಮೆ. ಬಾಗಿಲು, ಕಿಟಕಿ, ಕೀಲುಗಳನ್ನು ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಬಾಳಿಕೆ ಗಮನಕ್ಕೆ ಬರುವಷ್ಟು ಹೆಚ್ಚುತ್ತದೆ. ಹೊಸದಾಗಿ ಕೊಳ್ಳುವಾಗ ಸಾಮಾನ್ಯ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಬದಲು ಎರಡು ಮೂರು ಶೇಕಡ ಮಾಲಿಬ್ಡಿನಂ ಎಂಬ ಲೋಹ ಸೇರಿಸಿದ 316 ದರ್ಜೆಯದನ್ನು ಕೇಳಿ. ಗಿಲಾವಿನ ಮೇಲೆ ಕಂದು ಕಲೆಯೋ ಸರಳಿನ ನೇರಕ್ಕೆ ಬಿರುಕೋ ಕಂಡರೆ ಮಾತ್ರ ಸುಣ್ಣ ಬಳಿದು ಮುಚ್ಚಬೇಡಿ. ಕಾಂಕ್ರೀಟಿನೊಳಗಿನ ಸರಳು ತುಕ್ಕು ಹಿಡಿದಾಗ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಸಿಡಿಸುತ್ತದೆ; ಬಲ್ಲ ಎಂಜಿನಿಯರಿಗೆ ಆಗಲೇ ತೋರಿಸಬೇಕು. ಈ ಒರೆಸುವ ಕೆಲಸ ಬೇಸರದ್ದೆಂದು ಕಂಡರೂ ಮನೆಯ ಪ್ರತಿ ಮೊಳೆಯ ಪರಿಚಯ ಆಗುವುದು ಇದರಿಂದಲೇ. ಕಡಲಂಚಿನಲ್ಲಿ ನೆಮ್ಮದಿಯಾಗಿರುವವರೆಲ್ಲ ಹೆಚ್ಚಾಗಿ ಕೈಯಲ್ಲೊಂದು ಬಟ್ಟೆಯ ಚೂರು ಹಿಡಿದೇ ಇರುತ್ತಾರೆಂಬುದು ನಾನು ಕಂಡ ಸಂಗತಿ.

ಪ್ರಶ್ನೆ: ನಮ್ಮ ಬಾವಿ ಕಡಲಿನಿಂದ ಸ್ವಲ್ಪವೇ ದೂರದಲ್ಲಿದ್ದರೂ ನೀರು ಸಿಹಿ. ಈಚೆಗೆ ಪಂಪು ಹಾಕಿಸಿದ ಮೇಲೆ ಸವಳಾಗುತ್ತಿದೆ. ಇನ್ನೂ ಆಳಕ್ಕೆ ತೋಡಿಸಬಹುದೇ?

ಉತ್ತರ: ಖಂಡಿತ ಬೇಡ. ಸಿಹಿನೀರು ಉಪ್ಪುನೀರಿಗಿಂತ ತುಸು ಹಗುರವಾದ್ದರಿಂದ ಮರಳಿನೊಳಗೆ ಅದರ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರಿದ್ದರೆ ಅದರ ಭಾರಕ್ಕೆ ಸರಿದೂಗಲು ಮಟ್ಟದ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರುತ್ತದೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಡಚ್ ಎಂಜಿನಿಯರ್ ಬಾಡನ್ ಘೈಬೆನ್, ಆಮೇಲೆ ಸ್ವತಂತ್ರವಾಗಿ ಜರ್ಮನಿಯ ಹೆರ್ಜ್‌ಬರ್ಗ್ ಲೆಕ್ಕ ಹಾಕಿದರು. ಲೆಕ್ಕವನ್ನು ತಿರುಗಿಸಿ ನೋಡಿ: ಪಂಪಿನಿಂದ ಮೇಲಿನ ಮಟ್ಟವನ್ನು ಕಾಯಮ್ಮಾಗಿ ಅರ್ಧ ಮೀಟರ್ ಇಳಿಸಿದರೆ ಅಡಿಯ ಉಪ್ಪುನೀರು ಕಾಲಕ್ರಮದಲ್ಲಿ 20 ಮೀಟರಿನಷ್ಟು ಮೇಲೇರಬಲ್ಲದು. ಆಳಕ್ಕೆ ಹೋದರೆ ನೀವೇ ಅದನ್ನು ಎದುರುಗೊಂಡಂತೆ. ಬಾವಿಯನ್ನು ಆಳವಿಲ್ಲದೆ ಅಗಲವಾಗಿ ಇಟ್ಟು, ಒಂದೇ ಬಾರಿಗೆ ಟ್ಯಾಂಕು ತುಂಬಿಸುವುದನ್ನು ಬಿಟ್ಟು, ದಿನದಲ್ಲಿ ಹಲವು ಸಲ ಸ್ವಲ್ಪಸ್ವಲ್ಪವೇ ಎತ್ತಿ, ಮಾಡಿನ ಮಳೆನೀರನ್ನು ಸೋಸಿ ನೆಲಕ್ಕೆ ಇಂಗಿಸಿ. ನೆರೆಯವರೂ ಇದನ್ನೇ ಮಾಡದಿದ್ದರೆ ನೀವೊಬ್ಬರೇ ಮಾಡಿ ಹೆಚ್ಚು ಫಲವಿಲ್ಲ. ಅಡಿಯ ನೀರಿಗೆ ಬೇಲಿ ಇರುವುದಿಲ್ಲವಾದ್ದರಿಂದ ಅವರ ಜೊತೆ ಮಾತಾಡಲೇಬೇಕು.

ಪ್ರಶ್ನೆ: ನಾವಿಬ್ಬರೇ ಇರಲು ದಂಡೆಯ ಬಳಿ ಮನೆ ಕಟ್ಟಿಸಬೇಕೆಂದಿದ್ದೇವೆ. ಎಷ್ಟು ದೊಡ್ಡದಿರಬೇಕೆಂಬುದರಲ್ಲಿ ನನಗೂ ಮನೆಯವರಿಗೂ ಒಮ್ಮತವಿಲ್ಲ. ತಮ್ಮ ಅಭಿಪ್ರಾಯವೇನು?

ಉತ್ತರ: ಮೇಲಿನ ಎರಡು ಉತ್ತರಗಳನ್ನು ಓದಿದ ಮೇಲೆ ಎಷ್ಟು ಕಿಟಕಿಗಳನ್ನು ಒರೆಸಲು ಸಿದ್ಧರಿದ್ದೀರೆಂದು ಕೇಳಿಕೊಂಡರೆ ಅರ್ಧ ತಕರಾರು ತೀರುತ್ತದೆ. ಉಳಿದ ಅರ್ಧಕ್ಕೆ ಒಂದು ಉದಾಹರಣೆ. ಇಪ್ಪತ್ತನೆಯ ಶತಮಾನದ ದೊಡ್ಡ ವಾಸ್ತುಶಿಲ್ಪಿಗಳಲ್ಲಿ ಒಬ್ಬನಾದ ಲ ಕಾರ್ಬೂಸಿಯೆ ತನಗಾಗಿ ಫ್ರಾನ್ಸಿನ ರೋಕ್‌ಬ್ರೂನ್-ಕ್ಯಾಪ್-ಮಾರ್ಟಿನ್‌ನ ಕಡಲಂಚಿನಲ್ಲಿ 1952ರಲ್ಲಿ ಕಟ್ಟಿಸಿಕೊಂಡ ಮರದ ಗುಡಿಸಲಿನ ಒಳ ಅಳತೆ 3.66 ಮೀಟರಿಗೆ 3.66 ಮೀಟರ್. ಒಂದೇ ಕೋಣೆ; ಮಂಚ, ಮೇಜು, ಕೈತೊಳೆಯುವ ತೊಟ್ಟಿ, ಗೋಡೆಯೊಳಗಿನ ಕಪಾಟು; ಅಡಿಗೆಮನೆ ಇಲ್ಲ, ಪಕ್ಕದ ಊಟದಂಗಡಿಗೆ ಹೋಗಲು ಒಂದು ಬಾಗಿಲಿತ್ತು. ಕಿಟಕಿಗಳೂ ಚಿಕ್ಕವು. ಕಡಲನ್ನು ಇಡಿಯಾಗಿ ಗಾಜಿನಲ್ಲಿ ತುಂಬಿಕೊಳ್ಳಬಹುದಾಗಿದ್ದ ಮನುಷ್ಯ ಅದನ್ನು ತುಂಡುತುಂಡಾಗಿ ಕಾಣುವಂತೆ ಚೌಕಟ್ಟು ಹಾಕಿಕೊಂಡ. ಇಡಿಯ ಕಡಲು ಬೇಕಾದಾಗ ಬಾಗಿಲು ತೆರೆದು ಹೊರಗೆ ಹೋದ. 2016ರಲ್ಲಿ ಅವನ ಇತರ ಕಟ್ಟಡಗಳ ಜೊತೆ ಈ ಗುಡಿಸಲೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಷ್ಟು ಚಿಕ್ಕದು ನಿಮಗೆ ಬೇಡ, ಅದು ವರ್ಷಪೂರ್ತಿ ಇರುವ ಮನೆಯೂ ಆಗಿರಲಿಲ್ಲ. ಆದರೆ ನಕ್ಷೆ ಬರೆಯುವವರು ಕಡಲ ಕಡೆಯ ಗೋಡೆಯನ್ನೆಲ್ಲ ಗಾಜು ಮಾಡೋಣವೆಂದಾಗ ಈ ಗುಡಿಸಲನ್ನು ನೆನೆಯಿರಿ. ಸಂಜೆಯ ಬಿಸಿಲು ನೀರಿನಿಂದ ಪ್ರತಿಫಲಿಸಿ ಬರುವಾಗ ಅಂಥ ಗೋಡೆಯ ಹಿಂದೆ ಕುಳಿತುಕೊಳ್ಳಲಾಗುವುದಿಲ್ಲ, ಕೊನೆಗೆ ಪರದೆಯನ್ನೇ ಹಾಕುತ್ತೀರಿ.

ಪ್ರಶ್ನೆ: ಮನೆ ಕಡಲ ಬದಿಗೆ ಬಂದದ್ದೇ ತಡ, ರಜೆ ಬಂತೆಂದರೆ ನೆಂಟರ ದಂಡೇ ಬರುತ್ತದೆ. ಮೌನ ಬಯಸಿ ಬಂದವರು ನಾವು. ಬೇಡವೆನ್ನುವುದು ಹೇಗೆ?

ಉತ್ತರ: ಬೇಡವೆನ್ನಬೇಡಿ, ಬಿಜಾಗರಿ ಒರೆಸಲು ಹಚ್ಚಿ, ಮುಂದಿನ ವರ್ಷದ ಸಂಖ್ಯೆ ತಾನಾಗಿ ಇಳಿಯುತ್ತದೆ. ಆದರೆ ಒಂದು ವಿಷಯದಲ್ಲಿ ತಮಾಷೆ ಸಲ್ಲದು. ದಂಡೆಯಲ್ಲಿ ಇರುವವರಿಗೆ ತಿಳಿದಿರುವ ಅಪಾಯ ಬಂದವರಿಗೆ ತಿಳಿದಿರುವುದಿಲ್ಲ. ದಂಡೆಗೆ ನುಗ್ಗಿದ ನೀರು ಹಿಂದಕ್ಕೆ ಹೋಗಲು ಮರಳದಿಬ್ಬಗಳ ನಡುವೆ ಕಿರಿದಾದ ಕಾಲುವೆ ಮಾಡಿಕೊಳ್ಳುತ್ತದೆ. ಆ ಜಾಗದಲ್ಲಿ ಅಲೆ ಒಡೆಯದೆ ನೀರು ಶಾಂತವಾಗಿ, ತುಸು ಕಪ್ಪಾಗಿ ಕಾಣುವುದರಿಂದ ಈಜು ಕಲಿತವರೂ ಮಕ್ಕಳೂ ಅದನ್ನೇ ಆರಿಸಿಕೊಂಡು ಇಳಿಯುತ್ತಾರೆ. ಅಲ್ಲಿಯ ಸೆಳೆತಕ್ಕೆ ಎದುರಾಗಿ ಈಜಿದರೆ ಪಳಗಿದವರೂ ಸೋಲುತ್ತಾರೆ. ಸೆಳೆತ ನೀರಿನಡಿಗೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೇ. ಗಾಬರಿಯಾಗದೆ ತೇಲಿಕೊಂಡು, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಅದರಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಬೇಕು. ನೆಂಟರು ಚೀಲ ಇಳಿಸುವ ಮೊದಲೇ ಇದನ್ನು ಹೇಳಿ, ಆ ದಿನ ಕಾಲುವೆ ಎಲ್ಲಿದೆಯೆಂದು ಜಗಲಿಯಿಂದ ಬೆರಳು ಮಾಡಿ ತೋರಿಸಿ.

ಪ್ರಶ್ನೆ: ಕಡಲು ಎಷ್ಟು ದೂರದವರೆಗೆ ಕಾಣುತ್ತದೆ, ಸೂರ್ಯ ನೀರಿಗೆ ಬಿದ್ದ ಮೇಲೆ ಏನಾಗುತ್ತದೆ ಎಂದು ನನ್ನ ಮಗಳು ದಿನವೂ ಕೇಳುತ್ತಾಳೆ. ಸುಮ್ಮನೆ ಏನೋ ಹೇಳಿ ತಪ್ಪಿಸಿಕೊಳ್ಳಲು ಮನಸ್ಸಾಗುವುದಿಲ್ಲ.

ಉತ್ತರ: ದಂಡೆಯಲ್ಲಿ ನಿಂತ ದೊಡ್ಡವರಿಗೆ ದಿಗಂತ ಇರುವುದು ಸುಮಾರು ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿ ಮಾತ್ರ. ಕಣ್ಣು ನೆಲದಿಂದ ಒಂದು ಮೀಟರ್ ಎತ್ತರದಲ್ಲಿರುವ ನಿಮ್ಮ ಮಗಳಿಗೆ ಮೂರೂವರೆ ಕಿಲೋಮೀಟರ್. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡರೆ ಅವಳ ಕಡಲು ನಿಮ್ಮದಕ್ಕಿಂತ ದೊಡ್ಡದಾಗುತ್ತದೆ. ಒಂಬತ್ತು ಮೀಟರ್ ಎತ್ತರದ ಮಾಳಿಗೆಗೆ ಹತ್ತಿದರೆ ಹತ್ತು ಕಿಲೋಮೀಟರಿಗೂ ಆಚೆ ಕಾಣುತ್ತದೆ.

ಸೂರ್ಯನ ಸಂಗತಿ ಇನ್ನೂ ಚೆನ್ನಾಗಿದೆ. ಗಾಳಿ ಬೆಳಕನ್ನು ಬಗ್ಗಿಸುವುದರಿಂದ, ಸೂರ್ಯನ ಕೆಳ ಅಂಚು ನೀರನ್ನು ಮುಟ್ಟಿತೆಂದು ನಮಗೆ ಕಾಣುವ ಹೊತ್ತಿಗೆ ಲೆಕ್ಕದ ಪ್ರಕಾರ ಇಡಿಯ ಸೂರ್ಯ ಆಗಲೇ ದಿಗಂತದ ಕೆಳಗಿರುತ್ತಾನೆ. ಆಮೇಲಿನ ಎರಡು ನಿಮಿಷವೋ ಇನ್ನೂ ತುಸು ಹೆಚ್ಚೋ ನಾವು ನೋಡುವುದು ಮುಳುಗಿಹೋದ ಸೂರ್ಯನನ್ನು. ಕೊನೆಯ ಚೂರು ಮರೆಯಾಗುವುದನ್ನು ಮಗಳು ಮರಳಿನ ಮೇಲೆ ಮಲಗಿಕೊಂಡು ನೋಡಲಿ. ಮರೆಯಾದ ಕ್ಷಣವೇ ಎದ್ದು ನಿಂತರೆ ಆ ಚೂರು ಮತ್ತೆ ಕಾಣುತ್ತದೆ, ಎರಡನೆಯ ಬಾರಿ ಮುಳುಗುತ್ತದೆ. ಉರಿಯುವ ಸೂರ್ಯನನ್ನು ನೇರವಾಗಿ ದಿಟ್ಟಿಸಬಾರದೆಂದು ಹೇಳಿ, ಆ ಕೊನೆಯ ಚೂರಿಗಾಗಿ ಮಾತ್ರ ಕಣ್ಣೆತ್ತುವ ಅಭ್ಯಾಸ ಮಾಡಿಸಿ.

ಪ್ರಶ್ನೆ: ತಾಯಿಯವರು ತೀರಿಕೊಂಡ ಮೇಲೆ ಅವರು ಕೊನೆಯ ವರ್ಷಗಳನ್ನು ಕಳೆದ ಕಡಲ ಬದಿಯ ಮನೆ ನಮ್ಮ ಮೂವರ ಪಾಲಿಗೆ ಬಂದಿದೆ. ಅಣ್ಣನವರು, ಕಡಲು ಹತ್ತಿರ ಬರುತ್ತಿದೆ, ಬೆಲೆ ಇರುವಾಗಲೇ ಮಾರೋಣ ಎನ್ನುತ್ತಾರೆ. ತಂಗಿ ತಡೆಗೋಡೆ ಕಟ್ಟಿಸಿ ಉಳಿಸಿಕೊಳ್ಳೋಣ ಎನ್ನುತ್ತಾಳೆ. ನನಗೆ ಅಲ್ಲಿ ಒಬ್ಬಳೇ ಕೆಲವು ದಿನ ಇರಬೇಕೆನಿಸುತ್ತದೆ, ಅದರಾಚೆ ಏನೂ ತೋಚುವುದಿಲ್ಲ.

ಉತ್ತರ: ನಿಮಗೆ ಅನಿಸಿದ್ದನ್ನೇ ಮೊದಲು ಮಾಡಿ. ನಿಮ್ಮ ಅಣ್ಣನವರ ಆತಂಕ ಸುಳ್ಳಲ್ಲ. ಜಗತ್ತಿನ ಸರಾಸರಿ ಸಮುದ್ರಮಟ್ಟ 1901ರಿಂದ 2018ರವರೆಗೆ ಸುಮಾರು 20 ಸೆಂಟಿಮೀಟರ್ ಏರಿದೆ, ಆ ಅವಧಿಯ ಕೊನೆಯ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 3.7 ಮಿಲಿಮೀಟರಿನ ವೇಗದಲ್ಲಿ ಏರುತ್ತಿತ್ತು. ಆದರೆ ಒಂದು ದಂಡೆ ಕೊರೆಯುತ್ತದೋ ಬೆಳೆಯುತ್ತದೋ ಎಂಬುದು ಈ ಒಂದೇ ಅಂಕಿಯಿಂದ ತೀರ್ಮಾನವಾಗುವುದಿಲ್ಲ. ನದಿ ತರುತ್ತಿದ್ದ ಮರಳು ಅಣೆಕಟ್ಟಿನ ಹಿಂದೆ ನಿಂತಿರಬಹುದು, ಪಕ್ಕದಲ್ಲಿ ಕಟ್ಟಿದ ಅಡ್ಡಗೋಡೆ ದಂಡೆಯುದ್ದಕ್ಕೂ ಸಾಗುತ್ತಿದ್ದ ಮರಳನ್ನು ತಡೆದಿರಬಹುದು, ಅಥವಾ ನೋಡಿದ ಕಾಲವೇ ತಪ್ಪಾಗಿರಬಹುದು. ಬಿರುಸಿನ ಋತುವಿನಲ್ಲಿ ಕಡಿದಾದ ಅಲೆಗಳು ದಂಡೆಯ ಮರಳನ್ನು ಎಳೆದುಕೊಂಡು ಹೋಗಿ ನೀರಿನಡಿಯ ದಿಬ್ಬಗಳಲ್ಲಿ ಸೇರಿಸುತ್ತವೆ. ಶಾಂತ ಋತುವಿನ ನೀಳ ಅಲೆಗಳು ಅದನ್ನೇ ಮೆಲ್ಲಮೆಲ್ಲನೆ ಮರಳಿ ತಂದು ಹಾಕುತ್ತವೆ. ಬಿರುಗಾಳಿಯ ಮರುದಿನ ಬಂದು ನೋಡಿದವರಿಗೆ ಮನೆಯ ಅಂಗಳವೇ ಹೋದಂತೆ ಕಾಣುತ್ತದೆ, ಆರು ತಿಂಗಳ ಮೇಲೆ ಬಂದವರಿಗೆ ಏನೂ ಆಗಿಲ್ಲವೆನಿಸುತ್ತದೆ. ಅಣ್ಣನವರೂ ತಂಗಿಯೂ ಬೇರೆ ಬೇರೆ ತಿಂಗಳಲ್ಲಿ ಅಲ್ಲಿಗೆ ಹೋಗಿದ್ದರೇನೋ.

ತಡೆಗೋಡೆಯ ವಿಚಾರದಲ್ಲಿ ನಾನು ನಿಮ್ಮ ತಂಗಿಯ ಪರವಿಲ್ಲ. ಗಟ್ಟಿ ಗೋಡೆಗೆ ಬಡಿದ ಅಲೆ ತಿರುಗಿ ಹೋಗುವಾಗ ಗೋಡೆಯ ಬುಡದ ಮರಳನ್ನು ಕೆರೆದುಕೊಂಡು ಹೋಗುತ್ತದೆ. ಹಿಂದಕ್ಕೆ ಸರಿಯುತ್ತಿರುವ ದಂಡೆಯಲ್ಲಿ ಗೋಡೆಯ ಹಿಂದಿನ ಮನೆ ಉಳಿದರೂ ಮುಂದಿನ ದಂಡೆ ಉಳಿಯದೆ, ಗೋಡೆ ಮುಗಿದಲ್ಲಿ ನೆರೆಯವರ ಜಾಗದಲ್ಲಿ ಕೊರೆತ ಹೆಚ್ಚುತ್ತದೆ. ನಿಮ್ಮ ತಾಯಿ ಕುಳಿತು ನೋಡುತ್ತಿದ್ದದ್ದು ದಂಡೆಯನ್ನಾಗಿದ್ದರೆ, ಗೋಡೆ ಉಳಿಸುವುದು ಅದನ್ನಲ್ಲ. ಬೇರುಬಿಟ್ಟ ಹುಲ್ಲು, ಬಳ್ಳಿಗಳು ಮರಳದಿಬ್ಬವನ್ನು ಹಿಡಿದಿಡುವಷ್ಟು ದಿನ ಅವನ್ನು ತುಳಿಯದೆ, ಕೀಳದೆ ಬಿಡುವುದು ಖರ್ಚಿಲ್ಲದ ಕೆಲಸ. ಎಲ್ಲ ದಂಡೆಗಳನ್ನೂ ಅವು ಉಳಿಸಲಾರವು.

ಮಾರುವುದೋ ಬಿಡುವುದೋ ಎಂಬುದನ್ನು ಹೊರಗಿನ ನಾನು ಹೇಳಲು ಬರುವುದಿಲ್ಲ, ಆದರೆ ದುಃಖ ಹಸಿಯಾಗಿರುವಾಗ ಅವಸರ ಮಾಡುವ ಅಗತ್ಯ ನಿಮ್ಮ ಪತ್ರದಲ್ಲಿ ನನಗೆ ಕಾಣಲಿಲ್ಲ. ನೀವು ಹೇಗೂ ಅಲ್ಲಿ ಇರಲು ಹೋಗುತ್ತೀರಿ. ಮನೆಯ ಕಡಲ ಕಡೆಯ ಮೂಲೆಯಿಂದ ಸಸ್ಯಗಳು ಬೆಳೆದು ನಿಂತಿರುವ ಕೊನೆಯ ಗೆರೆಯವರೆಗೆ ಅಳತೆಪಟ್ಟಿ ಹಿಡಿದು ಬರೆದುಕೊಳ್ಳಿ. ನೀರಿನ ಅಂಚಿನವರೆಗೆ ಅಳೆಯಬೇಡಿ, ಅದು ಗಂಟೆಗಂಟೆಗೆ ಬದಲಾಗುತ್ತದೆ. ಅದೇ ಮೂಲೆಯಲ್ಲಿ ನಿಂತು ಒಂದು ಫೋಟೊ ತೆಗೆದಿಡಿ. ತಾಯಿಯವರ ಹಳೆಯ ಫೋಟೊಗಳಲ್ಲಿ ಜಗಲಿಯ ಮುಂದಿನ ದಂಡೆ ಕಂಡರೆ ಅವುಗಳನ್ನೂ ತಾರೀಖಿನೊಡನೆ ಒಟ್ಟುಮಾಡಿ. ಪ್ರತಿ ವರ್ಷ ಅದೇ ತಿಂಗಳಲ್ಲಿ, ಸಾಧ್ಯವಾದರೆ ಮೂವರೂ ಕೂಡಿ ಹೋಗಿ ಮತ್ತೆ ಅಳೆಯಿರಿ. ಮೂರು ನಾಲ್ಕು ವರ್ಷದ ಅಳತೆ ಕೈಯಲ್ಲಿದ್ದಾಗ ಅಣ್ಣನವರೊಡನೆ ನಡೆಯುವ ಮಾತು ಈಗಿನದಕ್ಕಿಂತ ಬೇರೆಯಾಗಿರುತ್ತದೆ. ಅಷ್ಟರವರೆಗೆ ಮನೆ ಬೀಗ ಹಾಕಿಯೇ ಇರುವುದಾದರೆ ಒಳಗಿನ ಕಪಾಟುಗಳ ಬಾಗಿಲನ್ನು ತೆರೆದಿಟ್ಟು, ಹಾಸಿಗೆಯನ್ನು ಗೋಡೆಯಿಂದ ಸರಿಸಿ ನಿಲ್ಲಿಸಿ, ಕೀಲಿಕೈಯೊಂದನ್ನು ನೆರೆಮನೆಯವರ ಬಳಿ ಕೊಟ್ಟು ಬನ್ನಿ.